ಮಂಡಿ ಆಪರೇಷನ್ ಆಗಿ ಮನೆಗೆ ಬಂದಮೇಲೆ ಅಮ್ಮನಿಗೆ ನಿದ್ದೆಯಿಲ್ಲ, ಕಾಲು ಮಡಚ್ತಿಲ್ಲ. ಅನುಭವ ಇದ್ದವರು ಹೇಳಿ

ಕೇಳಿದವರು
ಅಮ್ಮನಿಗೆ 68 ವರ್ಷ. ಬಲ ಮಂಡಿ ಬದಲಾಯಿಸಿ ಎರಡನೇ ವಾರ ನಡೀತಿದೆ. ಆಸ್ಪತ್ರೆಯಲ್ಲಿ ಮರುದಿನವೇ ವಾಕರ್ ಹಿಡಿದು ನಡೆದಿದ್ದರು, ನಮಗೂ ಖುಷಿಯಾಗಿತ್ತು. ಮನೆಗೆ ಬಂದ ಮೇಲೆ ಎಲ್ಲಾ ಉಲ್ಟಾ. ಮಂಡಿ ಬಿಸಿಯಾಗಿ ಊದಿದೆ, 70 ಡಿಗ್ರಿ ದಾಟಿ ಮಡಚೋಕೆ ಬಿಡ್ತಿಲ್ಲ. ಅಭ್ಯಾಸ ಆಗಿಬಿಡುತ್ತೆ ಅಂತ ನೋವಿನ ಮಾತ್ರೆ ನಿಲ್ಲಿಸಿದ್ದಾರೆ. ರಾತ್ರಿಯೆಲ್ಲ ಎದ್ದು ಕೂತು "ಯಾಕಾದ್ರೂ ಮಾಡಿಸ್ಕೊಂಡ್ನೋ" ಅಂತ ಅಳ್ತಾರೆ. ಇದು ಮಾಮೂಲಾ? ನಾವೇನು ಮಾಡಬೇಕು?

ಎಡಮಂಡಿಯವನು
ಮಾಮೂಲು ಅಂತ ಹೇಳಿಬಿಟ್ಟರೆ ನೋವು ಹೋಗುತ್ತಾ? ಅನುಭವಿಸಿದವರಿಗೇ ಗೊತ್ತು. ಆಸ್ಪತ್ರೆಯಲ್ಲಿ ಚೆನ್ನಾಗಿರೋದು ನರ ಮರಗಟ್ಟಿಸೋಕೆ ಕೊಟ್ಟ ಬ್ಲಾಕ್ ಇಂಜೆಕ್ಷನ್, ಮಂಡಿಯೊಳಗೆ ಹಾಕಿದ ಔಷಧ ಇನ್ನೂ ಕೆಲಸ ಮಾಡ್ತಿರುತ್ತೆ ಅಂತ. ಅದು ಇಳಿಯೋದಕ್ಕೂ ಡಿಸ್ಚಾರ್ಜ್ ಮಾಡೋದಕ್ಕೂ ಸರಿಹೋಗುತ್ತೆ. ನನಗೆ ಮನೆಗೆ ಬಂದ ಮೊದಲ ರಾತ್ರಿ ಹೊದ್ದ ಚಾದರ ಮಂಡಿಗೆ ತಾಗಿದರೂ ಕಿರುಚೋ ಹಾಗಾಗಿತ್ತು. ತೊಡೆಯಿಂದ ಪಾದದವರೆಗೆ ನೀಲಿ, ಆಮೇಲೆ ಹಸಿರು, ಆಮೇಲೆ ಹಳದಿ. ಗಾಯದ ಹೊರಗಡೆ ಒಂದು ಅಂಗೈಯಗಲ ಚರ್ಮ ಇವತ್ತಿಗೂ ಮರಗಟ್ಟಿದೆ. ಅಲ್ಲಿ ಸಣ್ಣ ನರ ಕತ್ತರಿಸಿಹೋಗುತ್ತಂತೆ, ಇದನ್ನ ಮೊದಲೇ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಾತ್ರೆ ನಿಲ್ಲಿಸೋದು ಶೌರ್ಯ ಅಲ್ಲ ರೀ. ಡಾಕ್ಟರ್ ಬರೆದ ಹೊತ್ತಿಗೆ ಸರಿಯಾಗಿ ತಗೊಂಡು, ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಒಂದು ಡೋಸ್ ಬರೋ ಹಾಗೆ ನೋಡಿಕೊಂಡದ್ದಕ್ಕೇ ನಾನು ಮಡಚೋಕಾಯ್ತು. ನೋವು ತಲೆಗೇರಿದ ಮೇಲೆ ತಗೊಂಡರೆ ಅದು ಇಳಿಯೋಷ್ಟರಲ್ಲಿ ಫಿಸಿಯೋ ಬಂದು ಹೋಗಿರ್ತಾರೆ. ಟ್ರಮಡಾಲ್ ಅನ್ನೋ ಬಲವಾದ ನೋವಿನ ಮಾತ್ರೆ ತಗೊಳ್ಳೋರಿಗೆ ಮಲಬದ್ಧತೆ ಹಿಡಿಯುತ್ತೆ, ಅದಕ್ಕೂ ಮೊದಲ ದಿನದಿಂದಲೇ ಔಷಧ ಕೇಳಿ. ನನಗೆ ಮಂಡಿಗಿಂತ ಅದೇ ದೊಡ್ಡ ಹಿಂಸೆಯಾಯ್ತು.

ಎರಡೂ ಒಟ್ಟಿಗೆ
ಒಂದು ಮಂಡಿಗೇ ಇಷ್ಟು ಅಂದರೆ ನಮ್ಮ ಪಾಡು ಕೇಳಿ. ಎರಡನ್ನೂ ಒಂದೇ ಸಲ ಮಾಡಿಸಿದೆ. ಎಲ್ಲರೂ ಹೇಳಿಕೊಡ್ತಾರಲ್ಲ, ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಅಂತ. ನನಗೆ ಒಳ್ಳೇ ಕಾಲು ಅನ್ನೋದೇ ಇರಲಿಲ್ಲ! ಕಮೋಡ್ ಮೇಲೆ ಎತ್ತರದ ಸೀಟ್ ಹಾಕಿಸಿದರೂ ಏಳುವಾಗ ಇಡೀ ಭಾರ ಎರಡು ತೋಳಿನ ಮೇಲೆ. ಮಂಡಿಗಿಂತ ಭುಜ ಹೆಚ್ಚು ನೋಯ್ತಿತ್ತು. ಆದರೂ ಒಂದೇ ಅನಸ್ತೇಷಿಯಾ, ಒಂದೇ ಸಲ ಹಾಸಿಗೆ, ಒಂದೇ ಸಲ ಫಿಸಿಯೋ. ಮೂರನೇ ತಿಂಗಳಿಗೆ ಕೋಲೂ ಬಿಟ್ಟೆ. ಅಮ್ಮನವರ ಇನ್ನೊಂದು ಮಂಡಿಯೂ ಸವೆದಿದ್ದರೆ ಒಟ್ಟಿಗೇ ಮಾಡಿಸಿಬಿಡಬೇಕಿತ್ತು. ಈಗ ಇಷ್ಟು ಅತ್ತವರು ಎರಡನೇ ಸಲಕ್ಕೆ ಒಪ್ತಾರಾ?

ಒಂದಾದ ಮೇಲೊಂದು
ಎರಡನೇ ವಾರದಲ್ಲಿ ಅಳ್ತಿರೋ ಹೆಂಗಸಿನ ಮಗಳಿಗೆ "ಒಟ್ಟಿಗೇ ಮಾಡಿಸಬೇಕಿತ್ತು" ಅಂತ ಹೇಳೋದಾ? ಎರಡನ್ನೂ ಒಟ್ಟಿಗೆ ಮಾಡಿದರೆ ರಕ್ತ ಕೊಡಬೇಕಾಗಿ ಬರೋದು ಹೆಚ್ಚು, ಹೃದಯ ಶ್ವಾಸಕೋಶದ ಮೇಲೂ ಹೊರೆ ಹೆಚ್ಚು. ಅದಕ್ಕೇ ಆರೋಗ್ಯ ಪೂರ್ತಿ ಪರೀಕ್ಷಿಸಿ ಕೆಲವರಿಗೆ ಮಾತ್ರ ಮಾಡ್ತಾರೆ. ನನಗೆ ಹೃದಯದ ತೊಂದರೆ ಇತ್ತು, ಸರ್ಜನ್ ಖಡಾಖಂಡಿತ ಆಗಲ್ಲ ಅಂದರು. ಎರಡು ಸಲ ಅನುಭವಿಸಿದ್ದೀನಿ, ಹೌದು. ಆದರೆ ಎರಡನೇ ಸಲ ನಿಂತುಕೊಳ್ಳೋಕೆ ಗಟ್ಟಿ ಕಾಲೊಂದಿತ್ತು.

ಇನ್ನೊಂದು ಮಾತು. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸ್ತಿದ್ದೀರಾ? ಹಾಗಿದ್ದರೆ ತೆಗೀರಿ. ಹಿತವಾಗಿರುತ್ತೆ, ಆದರೆ ಮಂಡಿ ಬಾಗಿದಲ್ಲೇ ಬಿಗಿದುಕೊಳ್ಳುತ್ತೆ. ದಿಂಬು ಹಿಮ್ಮಡಿ ಕೆಳಗೆ ಇರಲಿ, ಮಂಡಿ ಗಾಳಿಯಲ್ಲಿ ತೇಲೋ ಹಾಗೆ. ಮೊದಮೊದಲು ಜೀವ ಹೋಗುತ್ತೆ. ಎಲ್ಲರೂ ಮಡಚೋದರ ಲೆಕ್ಕ ಹಿಡೀತಾರೆ, ಕಾಲು ನೆಟ್ಟಗಾಗದಿದ್ದರೆ ಜೀವನಪೂರ್ತಿ ಕುಂಟಬೇಕು ಅನ್ನೋದು ಯಾರಿಗೂ ನೆನಪಿರಲ್ಲ.

ಎರಡೂ ಒಟ್ಟಿಗೆ
ನಾನೇನು ಪರೀಕ್ಷೆ ಇಲ್ಲದೆ ಮಾಡಿಸಿ ಅಂದೆನಾ? ನಿಮಗೆ ಹೃದಯದ ತೊಂದರೆ ಇದ್ದರೆ ಅದು ನಿಮ್ಮ ಕೇಸ್. ನನ್ನ ಆಯ್ಕೆಯನ್ನ ಹೀಗಳೆಯೋಕೆ ನೀವು ಯಾರು?

ಅತ್ತೆಯನ್ನು ನೋಡಿಕೊಂಡವಳು
ಇಲ್ಲಿ ಬರೆದವರೆಲ್ಲ ಹಾಸಿಗೆ ಮೇಲಿದ್ದವರು. ಪಕ್ಕದಲ್ಲಿ ನಿಂತವರ ಕಡೆಯಿಂದ ನಾನು ಬರೀತೀನಿ. ನಮ್ಮತ್ತೆಗೆ ರಾತ್ರಿ ಹೊತ್ತು ಬಾತ್‌ರೂಮಿಗೆ ಎದ್ದಾಗಲೆಲ್ಲ ನಾನೂ ಏಳಬೇಕು. ಮೊದಲು ಅವರನ್ನ ಹಾಸಿಗೆಯಂಚಿಗೆ ಸರಿಸಬೇಕು, ಆಪರೇಷನ್ ಆದ ಕಾಲಿನ ಹಿಮ್ಮಡಿಗೆ ನನ್ನ ಅಂಗೈ ಕೊಟ್ಟು ನಿಧಾನ ಕೆಳಗಿಳಿಸಬೇಕು. ಕೈ ಸ್ವಲ್ಪ ಬೇಗ ತೆಗೆದರೆ ಇಡೀ ಮನೆ ಎಚ್ಚರಾಗೋ ಹಾಗೆ ಕೂಗ್ತಿದ್ದರು. ಆಮೇಲೆ ವಾಕರ್ ಮುಂದಿಟ್ಟು, ನೆಲ ಒದ್ದೆಯಿದೆಯಾ ನೋಡಿ, ಬಾಗಿಲಲ್ಲಿ ವಾಕರ್ ಹಿಡಿಸದೆ ಅಡ್ಡ ತಿರುಗಿಸಿ, ಕೂರಿಸಿ, ಎಬ್ಬಿಸಿ, ಮತ್ತೆ ಕಾಲೆತ್ತಿ ಮಲಗಿಸಿ. ಮಲಗೋಷ್ಟರಲ್ಲಿ ಐಸ್ ಪ್ಯಾಕ್ ಕರಗಿ ಬಟ್ಟೆ ನೆಂದಿರೋದು. ಹದಿನೈದಿಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇಡಬಾರದು, ಚರ್ಮಕ್ಕೆ ನೇರ ತಾಗಬಾರದು, ಬ್ಯಾಂಡೇಜ್ ಒದ್ದೆಯಾಗಬಾರದು. ಇದೆಲ್ಲ ನೋಡೋದು ಯಾರು? ರಕ್ತ ಹೆಪ್ಪುಗಟ್ಟದಿರೋಕೆ ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ ಕೊಡೋದನ್ನೂ ನಾನೇ ಕಲಿತೆ. ಇದ್ದ ರಜೆಯೆಲ್ಲ ಮುಗಿದು ಸಂಬಳವಿಲ್ಲದ ರಜೆ ಹಾಕಿದೆ. ಅತ್ತೆ ಈಗ ಚೆನ್ನಾಗಿ ನಡೀತಾರೆ, ಎಲ್ಲರೂ ಸರ್ಜನ್ ಕೈಗುಣ ಅಂತಾರೆ.

ನೀವೊಬ್ಬರೇ ಮಾಡಬೇಡಿ ಅಕ್ಕ. ರಾತ್ರಿ ಪಾಳಿ ಹಂಚಿಕೊಳ್ಳಿ. ಅಣ್ಣ ತಮ್ಮ ಯಾರಿದ್ದರೂ ಹೇಳಿ ಮಾಡಿಸಿ.

ಮಷೀನ್ ಇಟ್ಟುಕೊಂಡಿದ್ದವರು
ಯಾರೂ ಸಿಪಿಎಂ ಮಷೀನ್ ಬಗ್ಗೆ ಹೇಳಲೇ ಇಲ್ಲವಲ್ಲ. ಕಾಲನ್ನ ಅದರೊಳಗಿಟ್ಟು ಡಿಗ್ರಿ ಸೆಟ್ ಮಾಡಿದರೆ ತಾನಾಗಿ ಮಡಚಿ ಬಿಡಿಸುತ್ತೆ. ಬಾಡಿಗೆಗೆ ತಂದೆವು, ಸಾಗಿಸೋ ಖರ್ಚು ಬೇರೆ, ಹೊಂದಿಸೋಕೆ ಬಂದವರಿಗೆ ಬೇರೆ, ಅವಧಿ ಮುಗಿದ ಮೇಲೂ ಇಟ್ಟುಕೊಂಡದ್ದಕ್ಕೆ ಮತ್ತೆ ಬೇರೆ. ಆದರೂ ಮಂಡಿ 110 ಡಿಗ್ರಿವರೆಗೆ ಮಡಚೋಕೆ ಬಂತು. ಅಮ್ಮನವರಿಗೆ ತಕ್ಷಣ ತರಿಸಿ.

ಫಿಸಿಯೋಥೆರಪಿ ನನ್ನ ಕೆಲಸ
ಸರ್, 110 ಬಂದದ್ದು ನಿಮ್ಮ ಶ್ರಮದಿಂದ. ಮಷೀನಿನ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ ಸಿಕ್ಕಿದ ವ್ಯತ್ಯಾಸ ಒಂದೆರಡು ಡಿಗ್ರಿ, ಅದಕ್ಕೇ ಈಗ ಬಹಳ ಕಡೆ ಎಲ್ಲರಿಗೂ ಹಾಕೋದು ಬಿಟ್ಟಿದ್ದಾರೆ. ಮಷೀನ್ ಕಾಲನ್ನ ಅಲ್ಲಾಡಿಸುತ್ತೆ, ತೊಡೆಯ ಸ್ನಾಯುವಿಗೆ ಶಕ್ತಿ ತುಂಬಲ್ಲ. ಹಾಸಿಗೆ ಮೇಲೆ ಹಿಮ್ಮಡಿ ಜಾರಿಸೋದು, ತೊಡೆ ಬಿಗಿಮಾಡಿ ಮಂಡಿಯನ್ನ ಕೆಳಗೊತ್ತೋದು, ಪಾದ ಮೇಲೆ ಕೆಳಗೆ ಆಡಿಸೋದು, ಇವನ್ನ ಅಮ್ಮ ತಾವೇ ಮಾಡಬೇಕು. ಒಂದೇ ಸಲ ಬಲವಂತವಾಗಿ ಒತ್ತಿದರೆ ಊತ ಹೆಚ್ಚುತ್ತೆ, ಊದಿದ ಮಂಡಿ ಮಡಚಲ್ಲ. ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಹಲವು ಸಲ ಮಾಡಲಿ. ಸಮತಟ್ಟು ನೆಲದಲ್ಲಿ ನಡೆಯೋಕೆ 70ರ ಹತ್ತಿರ ಸಾಕು, ಕುರ್ಚಿಯಿಂದ ಸರಾಗ ಏಳೋಕೆ 90 ದಾಟಬೇಕು. ಎರಡನೇ ವಾರಕ್ಕೆ 70 ಅಂದರೆ ಹಿಂದಿದ್ದಾರೆ, ಕೈಬಿಡೋ ಸ್ಥಿತಿಯಲ್ಲ.

ಮಂಡಿ ಬಿಗಿದವನು
"ಸ್ವಲ್ಪಸ್ವಲ್ಪವಾಗಿ" ಅಂತ ನನಗೂ ಹೇಳ್ತಾ ಹೋದರು. ಒಂದು ದಿನ ಐದು ಡಿಗ್ರಿ ಮುಂದೆ, ಮರುದಿನ ಊದಿ ಹತ್ತು ಹಿಂದೆ. ಎರಡನೇ ತಿಂಗಳಲ್ಲಿ ಮತ್ತೆ ಅನಸ್ತೇಷಿಯಾ ಕೊಟ್ಟು ಕಾಲನ್ನ ಬಲವಾಗಿ ಮಡಚಿ ಒಳಗಿನ ಅಂಟು ಬಿಡಿಸಬೇಕಾಯ್ತು. ಎದ್ದ ಮೇಲಿನ ನೋವು ಮೊದಲನೇದಕ್ಕಿಂತ ಕಡಿಮೆ ಇರಲಿಲ್ಲ. ಫಿಸಿಯೋಗಳು ಪೇಷೆಂಟ್ ಸೋಮಾರಿ ಅಂತ ಬರೆದು ಕೈತೊಳಕೊಳ್ತಾರೆ. ನಾನು ಹಲ್ಲುಕಚ್ಚಿ ಎಲ್ಲ ಮಾಡಿದ್ದೆ.

ಫಿಸಿಯೋಥೆರಪಿ ನನ್ನ ಕೆಲಸ
ಸೋಮಾರಿ ಅನ್ನೋ ಮಾತನ್ನ ನಾನು ಯಾವ ಪೇಷೆಂಟಿಗೂ ಆಡಿಲ್ಲ. ಕೆಲವರ ದೇಹದಲ್ಲಿ ಒಳಗೆ ಗಾಯದ ಅಂಗಾಂಶ ಜಾಸ್ತಿ ಬೆಳೆಯುತ್ತೆ, ಅದು ಯಾರ ತಪ್ಪೂ ಅಲ್ಲ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ದಿಂಬು ಮಂಡಿ ಕೆಳಗೇ ಇತ್ತು, ತೆಗೆದೆ. ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ಇವತ್ತು ಸಂಜೆ ನೋಡಿದರೆ ಮೀನಖಂಡ ಗಟ್ಟಿಯಾಗಿದೆ, ಒತ್ತಿದರೆ ನೋವು ಅಂತಾರೆ, ಪಾದವೂ ಊದಿದೆ. ಇದೂ ಮಾಮೂಲಾ?

ಅತ್ತೆಯನ್ನು ನೋಡಿಕೊಂಡವಳು
ಇದನ್ನ ಇಲ್ಲಿ ಕೇಳ್ತಾ ಕೂರಬೇಡಿ ಅಕ್ಕ, ಈಗಲೇ ಸರ್ಜನ್‌ಗೆ ಫೋನ್ ಮಾಡಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೂ ಹೀಗೇ ಇರುತ್ತೆ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಫೋನ್ ಕೂಡ ಬೇಡ, ಸೀದಾ ತುರ್ತು ವಿಭಾಗ. ಮೀನಖಂಡ ಒತ್ತಿ ತಿಕ್ಕಿ ಮಸಾಜ್ ಮಾಡೋಕೆ ಯಾರನ್ನೂ ಬಿಡಬೇಡಿ.

ಒಂದಾದ ಮೇಲೊಂದು
ಹೌದು, ಮೊದಲು ಹೋಗಿ. ಜ್ವರ, ಗಾಯದಿಂದ ನೀರು ಒಸರೋದು ಇದ್ದರೆ ಅದನ್ನೂ ಹೇಳಿ.

ಕೇಳಿದವರು
ರಾತ್ರಿಯೇ ಹೋದೆವು. ರಕ್ತನಾಳದಲ್ಲಿ ರಕ್ತ ಹರಿಯೋದನ್ನ ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿದರು, ಹೆಪ್ಪು ಇಲ್ಲ. ಮಂಡಿಯ ಊತ ಕೆಳಗಿಳಿದಿದೆ, ದಿನವೆಲ್ಲ ಕಾಲು ಇಳಿಬಿಟ್ಟು ಕೂತಿದ್ದಕ್ಕೆ ಅಂದರು. ಇನ್ನು ಮೇಲೆ ಕಾಲನ್ನ ಎದೆಮಟ್ಟಕ್ಕಿಂತ ಎತ್ತರ ಇಟ್ಟು ಮಲಗಬೇಕಂತೆ. ರಾತ್ರಿ ಮಾತ್ರೆಯ ಹೊತ್ತು ಬದಲಾಯಿಸಿದ್ದಾರೆ. ಬೆಳಗಿನ ಜಾವ ಸ್ವಲ್ಪ ನಿದ್ದೆ ಮಾಡಿದರು.

ಮಷೀನ್ ಇಟ್ಟುಕೊಂಡಿದ್ದವರು
ಒಳ್ಳೇದಾಯ್ತು. ಊತ ಇಳಿದ ಮೇಲೆ ಮಷೀನ್ ವಿಚಾರ ಸರ್ಜನ್ ಹತ್ತಿರವೇ ಕೇಳಿ. ಇಲ್ಲಿ ಯಾರೋ ಒಂದೆರಡು ಡಿಗ್ರಿ ಅಂದರು ಅಂತ ಬಿಡಬೇಡಿ. ಮಂಡಿ ಸಿಕ್ಕಿಹಾಕಿಕೊಂಡವರಿಗೆ ಆ ಎರಡು ಡಿಗ್ರಿಯ ಬೆಲೆ ಏನು ಅಂತ ಗೊತ್ತು.

ಮಂಡಿ ಬಿಗಿದವನು
ಅದು ಮಾತ್ರ ನಿಜ.