38ನೇ ವಯಸ್ಸಲ್ಲಿ ಗೋಡಂಬಿ ಅಲರ್ಜಿ ಶುರುವಾಗಿದೆ, ಮದುವೆ ಮನೆ ಊಟಕ್ಕೆಲ್ಲ ಹೇಗೆ ಹೋಗ್ತೀರ?

ತೋಟದಮನೆ_ಸಕಲೇಶಪುರ:
ಎಲ್ರಿಗೂ ನಮಸ್ಕಾರ. ಸಕಲೇಶಪುರದಿಂದ ಒಳಗಡೆ ತೋಟದಲ್ಲಿ ನಮ್ಮ ಮನೆ. ಚಿಕ್ಕಂದಿನಿಂದ ಗೋಡಂಬಿ ತಿಂದುಕೊಂಡೇ ಬೆಳೆದವಳು ನಾನು, ಯಾವತ್ತೂ ಏನೂ ಆಗಿರ್ಲಿಲ್ಲ. ಹೋದ ದೀಪಾವಳಿಲಿ ಕಾಜು ಬರ್ಫಿ ತಿಂದಾಗ ಬಾಯೊಳಗೆ ನವೆ ಬಂದು ತುಟಿ ಸ್ವಲ್ಪ ಊದ್ಕೊಳ್ತು, ಅತ್ತೆ ಪಿತ್ತ ಅಂದ್ರು, ದೊಡ್ಡಪತ್ರೆ ರಸ ಕೊಟ್ರು, ಕಮ್ಮಿ ಆಯ್ತು, ನಾನೂ ಮರ್ತೆ. ಈ ಸಲ ನೆಂಟರ ಗೃಹಪ್ರವೇಶದಲ್ಲಿ ಶಾವಿಗೆ ಪಾಯಸ ಎರಡು ಸೌಟು ಹಾಕಿಸ್ಕೊಂಡೆ ನೋಡಿ, ಕೈ ತೊಳೆಯೋಕೆ ಏಳೋ ಹೊತ್ತಿಗೆ ಮೈಯೆಲ್ಲ ಗಂಧೆ, ಗಂಟಲು ಕಟ್ಟಿದಂಗಾಗಿ ಕಣ್ಣು ಕತ್ತಲೆ ಬಂತು. ನಮ್ಮೆಜಮಾನ್ರು ಜೀಪಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ರು, ತೊಡೆಗೆ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಿಯಾಯ್ತು. ಡಾಕ್ಟರು ಗೋಡಂಬಿದೇ ಇರಬೇಕು, ಟೆಸ್ಟ್ ಮಾಡಿಸಿ ಅಂದಿದಾರೆ.

ಅವತ್ತಿಂದ ಅನ್ನ ಮುಟ್ಟೋಕೂ ಭಯ. ಮನೇಲಿ "ಇಷ್ಟು ವರ್ಷ ತಿಂದಿದೀಯ, ಈಗೇನು ಹೊಸದಾಗಿ" ಅಂತಾರೆ. ಮುಂದಿನ ತಿಂಗಳು ಬೇಲೂರಲ್ಲಿ ತಂಗಿ ಮದುವೆ, ಹೋಗದೆ ಇರೋಕಾಗಲ್ಲ. ಈ ತರ ದೊಡ್ಡವರಾದ ಮೇಲೆ ಅಲರ್ಜಿ ಬಂದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಬರೀ ಸೆಟ್ರಿಜಿನ್ ಇಟ್ಕೊಂಡ್ರೆ ಸಾಕಾ?

ಹಾಸನ_ಮೇಷ್ಟ್ರು:
ಮೊದಲು ಸಮಾಧಾನ ಮಾಡ್ಕೊಳಿ ಅಮ್ಮ. ನನಗೂ 41ಕ್ಕೆ ಶುರುವಾಗಿದ್ದು, ಇದು ಯಾವ ವಯಸ್ಸಲ್ಲಾದ್ರೂ ಬರಬಹುದು, ವರ್ಷಗಟ್ಟಲೆ ತಿಂದಿದ್ದೀವಿ ಅನ್ನೋದು ಲೆಕ್ಕಕ್ಕೆ ಬರಲ್ಲ. ನಾನು ಮಾಡಿದ ತಪ್ಪು ಏನಂದ್ರೆ ಭಯಕ್ಕೆ ಎಲ್ಲಾ ಬಿಟ್ಟೆ, ಗೋಡಂಬಿ, ಬಾದಾಮಿ, ಕಡ್ಲೆಕಾಯಿ, ಕೊನೆಗೆ ಹುರಿಗಡ್ಲೆ ಚಟ್ನಿನೂ ಬಿಟ್ಟು ಒಂದು ವರ್ಷ ಮೊಸರನ್ನದಲ್ಲೇ ಕಳೆದೆ. ಆಮೇಲೆ ಅಲರ್ಜಿ ಡಾಕ್ಟರ ಹತ್ರ ಹೋದಾಗ ಗೊತ್ತಾಯ್ತು, ನಂಗೆ ಆಗದೇ ಇರೋದು ಗೋಡಂಬಿ ಮತ್ತೆ ಪಿಸ್ತಾ, ಅವೆರಡೂ ಒಂದೇ ಜಾತಿ ಮರದವು, ಒಂದು ಆಗದವರಿಗೆ ಇನ್ನೊಂದೂ ಆಗದೇ ಇರೋದೇ ಜಾಸ್ತಿ. ಕಡ್ಲೆಕಾಯಿ ಬೇಳೆಕಾಳಿನ ಜಾತಿ, ಅದು ಬೇರೆ ಲೆಕ್ಕ. ಹುರಿಗಡ್ಲೆ ಅಂತೂ ಕಡ್ಲೆಕಾಳಿಂದ ಮಾಡೋದು, ಅದೂ ಬೇಳೆಕಾಳೇ, ಗೋಡಂಬಿ ಜಾತಿ ಅಲ್ಲ. ಹಾಗಂತ ನೀವಾಗೇ ತಿಂದು ನೋಡೋ ಪರೀಕ್ಷೆ ಮಾಡಬೇಡಿ, ಡಾಕ್ಟರು ಹೇಳೋವರ್ಗೂ ಯಾವ ಬೀಜನೂ ಬೇಡ.

ಅಂಗಡಿ ತಿಂಡಿ ಪ್ಯಾಕೆಟ್ ಹಿಂದೆ ಓದೋದು ಅಭ್ಯಾಸ ಮಾಡ್ಕೊಳಿ, ನಮ್ಮ ದೇಶದ ಲೇಬಲ್ ನಿಯಮದಲ್ಲಿ ಕಡ್ಲೆಕಾಯಿ, ಗೋಡಂಬಿ ಬಾದಾಮಿ ತರದ್ದು ಇದ್ರೆ ಅಲರ್ಜಿ ಅಂತ ಬೇರೆಯಾಗಿ ಬರೀಲೇಬೇಕು. ಕಷ್ಟ ಇರೋದು ಬೇಕರಿಲಿ, ಗಾಜಿನ ಡಬ್ಬಿಯಿಂದ ತೆಗೆದು ಪೇಪರಲ್ಲಿ ಕಟ್ಟಿ ಕೊಡ್ತಾರಲ್ಲ, ಅಲ್ಲಿ ಓದೋಕೆ ಏನೂ ಇರಲ್ಲ. ನಾನು ಬೇಕರಿ ಸಿಹಿ ಪೂರ್ತಿ ನಿಲ್ಲಿಸಿದೀನಿ.

ನರ್ಸ್‌ಅಕ್ಕ_ಚಿಕ್ಕಮಗಳೂರು:
ಸೆಟ್ರಿಜಿನ್ ಸಾಕಾ ಅಂತ ಕೇಳಿದ್ರಲ್ಲ, ಸಾಲದು. ಅದು ನವೆ, ಗಂಧೆಗೆ ಸರಿ. ಗಂಟಲು ಊದಿದಾಗ, ಬಿಪಿ ಬಿದ್ದಾಗ ಜೀವ ಉಳಿಸೋದು ಅಡ್ರಿನಲಿನ್ ಒಂದೇ, ನಿಮಗೆ ಅವತ್ತು ತೊಡೆಗೆ ಕೊಟ್ಟಿದ್ದೂ ಅದೇ ಇರಬೇಕು. ಬೇರೆ ದೇಶದಲ್ಲಿ ಪೆನ್ನಿನ ತರ ಬರುತ್ತೆ, ನಮ್ಮ ಕಡೆ ಅದು ಸುಲಭಕ್ಕೆ ಸಿಗಲ್ಲ, ಆದ್ರೆ ಆಂಪೂಲ್, ಅಂದ್ರೆ ಔಷಧಿ ತುಂಬಿದ ಪುಟ್ಟ ಗಾಜಿನ ಸೀಸೆ, ದುಬಾರಿ ಅಲ್ಲ. ಡಾಕ್ಟರ ಹತ್ರ ಚೀಟಿ ಬರೆಸ್ಕೊಂಡು ಆಂಪೂಲ್, ಸಿರಿಂಜು ಇಟ್ಕೊಳಿ, ಎಷ್ಟು ಎಳೀಬೇಕು ಅಂತ ಅವರೇ ಗುರುತು ಹಾಕಿ ಕೊಡಲಿ, ನಿಮ್ಮೆಜಮಾನ್ರಿಗೂ ಅಲ್ಲೇ ಕೂತು ಕಲಿಸಿ. ದೊಡ್ಡವರಿಗೆ ಸಾಮಾನ್ಯವಾಗಿ 0.5 ಮಿಲಿಗ್ರಾಂ, ತೊಡೆಯ ಹೊರಭಾಗದ ಮಾಂಸಖಂಡಕ್ಕೆ, ನರಕ್ಕೆ ಕೊಡಬಾರದು. ಬಿಸಿಲಲ್ಲಿ ನಿಂತ ಕಾರಲ್ಲಿ ಬಿಡಬೇಡಿ, ಬಣ್ಣ ಕಂದು ತಿರುಗಿದ್ರೆ ಎಸೀರಿ.

ತೋಟದಲ್ಲಿ ಇರೋರು ಅಂತ ಇನ್ನೊಂದು ಹೇಳ್ತೀನಿ. ತಲೆ ಸುತ್ತಿದಾಗ ಎದ್ದು ನಡೀಬೇಡಿ, ಕಾಲು ಎತ್ತರದಲ್ಲಿಟ್ಟು ಮಲಗಿ, ಉಸಿರು ಕಷ್ಟ ಆದ್ರೆ ಮಾತ್ರ ಒರಗಿ ಕೂತ್ಕೊಳಿ. ಇಂಜೆಕ್ಷನ್ ಆದ ತಕ್ಷಣ 108ಗೆ ಫೋನು, 5 ನಿಮಿಷದಲ್ಲಿ ಇಳೀದಿದ್ರೆ ಇನ್ನೊಂದು ಡೋಸ್ ಬೇಕಾಗುತ್ತೆ, ಹಾಗಾಗಿ ಎರಡು ಆಂಪೂಲ್ ಇರ್ಲಿ. ಕಮ್ಮಿ ಆಯ್ತು ಅಂತ ಆಸ್ಪತ್ರೆಗೆ ಹೋಗೋದು ನಿಲ್ಲಿಸಬೇಡಿ, ಕೆಲವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಬರುತ್ತೆ. ರಾತ್ರಿ ಮಳೇಲಿ ಆ ರಸ್ತೆ ಹೇಗಿರುತ್ತೆ ಅಂತ ನಿಮಗೇ ಗೊತ್ತು.

ಅಡಿಗೆ_ಭಟ್ರು:
ನಾನು ಹಾಸನ, ಬೇಲೂರು ಕಡೆ ಮದುವೆ ಅಡಿಗೆ ಮಾಡಿಸೋನು. ತಾಯಿ, ಎಲೆ ಮೇಲಿನ ಗೋಡಂಬಿ ಆರಿಸಿ ಪಕ್ಕಕ್ಕಿಟ್ರೆ ಆಗಲ್ಲ. ಗೋಡಂಬಿ ದ್ರಾಕ್ಷಿ ಹುರಿದ ತುಪ್ಪನೇ ಪಾಯಸಕ್ಕೂ ಕೇಸರಿಬಾತ್‌ಗೂ ಸುರೀತೀವಿ. ಕುರ್ಮ ಬೆಳ್ಳಗೆ ಮಂದ ಇದ್ರೆ ಒಳಗೆ ಗೋಡಂಬಿ ರುಬ್ಬಿರ್ತೀವಿ, ಕಣ್ಣಿಗೆ ಕಾಣಲ್ಲ. ಬಡಿಸೋ ಹುಡುಗರನ್ನ ಕೇಳಿದ್ರೆ ಅವರಿಗೆ ಗೊತ್ತಿರಲ್ಲ, ಇಲ್ಲಾ ಅಂದ್ಬಿಡ್ತಾರೆ. ಹಿಂದಿನ ದಿನವೇ ಅಡಿಗೆ ಮನೆಗೆ ಬಂದು ಭಟ್ಟರನ್ನೇ ಕೇಳಿ, ಸಂಕೋಚ ಬೇಡ. ಬಿಪಿ, ಶುಗರ್ ಇರೋರು ಬಂದು ಹೇಳಲ್ವಾ, ಹಾಗೇನೇ. ಒಗ್ಗರಣೆಗೆ ಮುಂಚೆ ನಿಮಗೆ ಅಂತ ಬೇರೆ ಪಾತ್ರೇಲಿ ಅನ್ನ, ತಿಳಿಸಾರು, ಪಲ್ಯ ತೆಗೆದಿಡೋದು ನಮಗೆ ಎರಡು ನಿಮಿಷದ ಕೆಲಸ. ಮೊದಲ ಪಂಕ್ತೀಲೇ ಕೂತ್ಕೊಳಿ, ಆಮೇಲಾಮೇಲೆ ಈ ಬಕೆಟ್ಟಿನ ಸೌಟು ಆ ಬಕೆಟ್ಟಿಗೆ ಹೋಗುತ್ತೆ.

ತೋಟದಮನೆ_ಸಕಲೇಶಪುರ:
ನಿಮ್ಮೆಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಲಿ ಗೊತ್ತಾಗ್ತಿಲ್ಲ. ತುಪ್ಪದ ವಿಷಯ ನಂಗೆ ಹೊಳೆದೇ ಇರ್ಲಿಲ್ಲ, ಅವತ್ತು ನನ್ನ ಲೋಟದಲ್ಲಿ ಒಂದೂ ಗೋಡಂಬಿ ಕಂಡಿರ್ಲಿಲ್ಲ ಅದಕ್ಕೇ ಮನೇಲಿ ಯಾರೂ ನಂಬ್ತಿರ್ಲಿಲ್ಲ. ಭಟ್ರು ಬರೆದಿದ್ದನ್ನ ಅತ್ತೆಗೆ ಓದಿ ಹೇಳಿದೆ, ಸುಮ್ನೆ ಕೂತಿದ್ರು, ಸಂಜೆ ನೋಡಿದ್ರೆ ತುಪ್ಪದ ಸೌಟು ನನ್ನ ಅಡಿಗೆಗೆ ಅಂತ ಬೇರೆ ಇಟ್ಟಿದಾರೆ. ನರ್ಸಕ್ಕ, ಸೋಮವಾರ ಟೆಸ್ಟಿಗೆ ಡೇಟ್ ತಗೊಳ್ತೀನಿ, ಸೆಟ್ರಿಜಿನ್ ತಗೊಳ್ತಾ ಇದ್ರೆ ತೊಂದ್ರೆ ಇದೆಯಾ?

ನರ್ಸ್‌ಅಕ್ಕ_ಚಿಕ್ಕಮಗಳೂರು:
ಕೈ ಮೇಲೆ ಚುಚ್ಚಿ ನೋಡೋ ಟೆಸ್ಟ್ ಆದ್ರೆ ಕೆಲವು ದಿನ ಮುಂಚೆ ನಿಲ್ಲಿಸಬೇಕು, ಎಷ್ಟು ದಿನ ಅಂತ ಡೇಟ್ ತಗೊಳ್ಳುವಾಗಲೇ ಕೇಳಿ. ರಕ್ತದ ಟೆಸ್ಟಿಗೆ ನಿಲ್ಲಿಸೋದು ಬೇಕಿಲ್ಲ. ಎರಡು ಸಲನೂ ಏನು ತಿಂದ್ರಿ, ಎಷ್ಟು ಹೊತ್ತಿಗೆ ಏನಾಯ್ತು ಅನ್ನೋದು ಒಂದು ಹಾಳೇಲಿ ಬರ್ಕೊಂಡು ಹೋಗಿ, ಡಾಕ್ಟರಿಗೆ ರಿಪೋರ್ಟಿನಷ್ಟೇ ಅದೂ ಮುಖ್ಯ.