ಗ್ನೋಮ್ ಶೆಲ್ ನಾಲ್ಕೇ ದಿನದಲ್ಲಿ 1.3 ಜಿಬಿ ರ‍್ಯಾಮ್ ತಿನ್ನುತ್ತಿದೆ, ಸೋರಿಕೆ ಎಲ್ಲಿ?

ನಂದಿನಿ_ಎಂ

ಎಲ್ಲರಿಗೂ ನಮಸ್ಕಾರ. ನನ್ನದು ಡೆಬಿಯನ್ 12 ಲಿನಕ್ಸ್, ಗ್ನೋಮ್ 43 ಡೆಸ್ಕ್‌ಟಾಪ್, ಪರದೆಗೆ ಚಿತ್ರ ಕಳಿಸುವ ವ್ಯವಸ್ಥೆ ವೇಲ್ಯಾಂಡ್, 8 ಜಿಬಿ ರ‍್ಯಾಮ್. ಲಾಗಿನ್ ಆದಾಗ ಗ್ನೋಮ್ ಶೆಲ್ (ಮೇಲಿನ ಪಟ್ಟಿ, ವಿಂಡೋಗಳನ್ನೆಲ್ಲ ನಡೆಸುವ ಪ್ರೋಗ್ರಾಮ್) 300 ಎಂಬಿ ಆಸುಪಾಸು ಇರುತ್ತದೆ. ಸೋಮವಾರ ಆನ್ ಮಾಡಿದ್ದು, ಗುರುವಾರ ಸಂಜೆಗೆ 1.3 ಜಿಬಿ. ಆಮೇಲೆ ಬ್ರೌಸರಿನಲ್ಲಿ ಎರಡು ಟ್ಯಾಬ್ ಜಾಸ್ತಿ ತೆರೆದರೆ ಸಾಕು, ಮೆಮೊರಿ ಸಾಲದೆ ಡಿಸ್ಕ್ ಬಳಸುವ ಸ್ವಾಪ್ ಶುರುವಾಗಿ ಮೌಸ್ ಕೂಡ ತಡವರಿಸುತ್ತದೆ. ಲಾಗ್‌ಔಟ್ ಮಾಡಿ ಬಂದರೆ ಮತ್ತೆ 300. ನಾನು ಅನುವಾದದ ಕೆಲಸ ಮಾಡುತ್ತೇನೆ, ಹತ್ತು ಹದಿನೈದು ಫೈಲ್ ತೆರೆದೇ ಇರುತ್ತವೆ, ದಿನಾ ಎಲ್ಲ ಮುಚ್ಚಿ ಲಾಗ್‌ಔಟ್ ಮಾಡೋಕೆ ಆಗಲ್ಲ. ವೇಲ್ಯಾಂಡಿಗಿಂತ ಹಳೆಯದಾದ ಎಕ್ಸ್11ನಲ್ಲಿ ಆಲ್ಟ್ ಎಫ್2 ಒತ್ತಿ ಆರ್ ಹೊಡೆದರೆ ಶೆಲ್ ಮಾತ್ರ ರೀಸ್ಟಾರ್ಟ್ ಆಗುತ್ತಿತ್ತು, ವೇಲ್ಯಾಂಡಿನಲ್ಲಿ ಆ ದಾರಿಯೂ ಇಲ್ಲ. ಶೆಲ್‌ಗೆ ಹೊಸ ಸೌಲಭ್ಯ ಸೇರಿಸುವ ಐದು ಎಕ್ಸ್‌ಟೆನ್ಶನ್ ಹಾಕಿದ್ದೇನೆ. 2018ರಲ್ಲಿ ಎಲ್ಲರೂ ಮಾತಾಡುತ್ತಿದ್ದ ಆ ಹಳೇ ಲೀಕೇ (ಗ್ನೋಮ್ ಶೆಲ್ ಬಳಸಿದ ಮೆಮೊರಿ ವಾಪಸ್ ಕೊಡದ ಸಮಸ್ಯೆ) ಇದಾ?

ತುಂಗಾತೀರ

ಅಲ್ಲ ಮೇಡಂ, ಅದು ಆ ವರ್ಷವೇ ಸರಿಹೋಯಿತು. ಆದರೆ ಅದರ ಕಥೆ ಗೊತ್ತಿದ್ದರೆ ನಿಮ್ಮದನ್ನು ಹುಡುಕೋದು ಸುಲಭ. ಶೆಲ್‌ನ ಮೇಲಿನ ಭಾಗ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿದೆ, ಕೆಳಗಿನದು ಸಿ ಭಾಷೆಯಲ್ಲಿ. ಸಿ ಕಡೆ ಪ್ರತಿ ಆಬ್ಜೆಕ್ಟನ್ನೂ (ಮೆಮೊರಿಯಲ್ಲಿಟ್ಟ ವಸ್ತು) ಎಷ್ಟು ಮಂದಿ ಹಿಡಿದಿದ್ದಾರೆ ಅಂತ ಲೆಕ್ಕ ಇರುತ್ತದೆ, ಸೊನ್ನೆ ಆದ ತಕ್ಷಣ ಮೆಮೊರಿ ಬಿಡುಗಡೆ. ಜಾವಾಸ್ಕ್ರಿಪ್ಟ್ ಕಡೆ ಹಾಗಲ್ಲ, ಯಾರಿಗೂ ಬೇಡವಾದ ಆಬ್ಜೆಕ್ಟುಗಳ ಕಸವನ್ನು ಆಗಾಗ ಗುಡಿಸುತ್ತಾರೆ ಅಷ್ಟೇ. ಆಗ ಏನಾಗುತ್ತಿತ್ತು ಅಂದರೆ, ಡಬ್ಬಿಯೊಳಗೆ ಡಬ್ಬಿ ಇದ್ದ ಹಾಗೆ ಒಂದು ಆಬ್ಜೆಕ್ಟ್ ಇನ್ನೊಂದನ್ನು ಹಿಡಿದಿದ್ದಾಗ ಒಂದು ಸಲ ಗುಡಿಸಿದರೆ ಹೊರಗಿನದು ಮಾತ್ರ ಹೋಗಿ, ಒಳಗಿನದು ಮುಂದಿನ ಸಲಕ್ಕೆ ಕಾಯುತ್ತಿತ್ತು. ಅಷ್ಟರಲ್ಲಿ ಹೊಸ ಕಸ ಬಂದು ಬೀಳುತ್ತಿತ್ತು.

ಮೊದಲು ಸರಿಯಾಗಿ ಅಳೆಯಿರಿ. ಟಾಪ್ ಕಮಾಂಡಿನಲ್ಲಿ ಕಾಣುವ ಆರ್‌ಇಎಸ್ (ಪ್ರೋಗ್ರಾಮ್ ಹಿಡಿದಿರುವ ಮೆಮೊರಿ) ಅಂಕಿಯಲ್ಲಿ ಬೇರೆ ಪ್ರೋಗ್ರಾಮ್‌ಗಳ ಜೊತೆ ಹಂಚಿಕೊಂಡ ಲೈಬ್ರರಿಗಳೂ ಸೇರಿರುತ್ತವೆ. ಪ್ರಾಕ್ ಫೋಲ್ಡರಿನಲ್ಲಿ ಶೆಲ್‌ನ ಪ್ರೋಸೆಸ್ ನಂಬರಿನ ಫೋಲ್ಡರ್ ಒಳಗೆ ಸ್ಮ್ಯಾಪ್ಸ್ ರೋಲಪ್ ಅನ್ನೋ ಫೈಲ್ ಇದೆ, ಅದರಲ್ಲಿ ಅನಾನಿಮಸ್ (ಯಾವ ಫೈಲಿಗೂ ಸೇರದ, ಪ್ರೋಗ್ರಾಮ್ ತಾನೇ ಪಡೆದ ಮೆಮೊರಿ) ಅನ್ನೋ ಸಾಲು ನೋಡಿ. ಹತ್ತು ನಿಮಿಷಕ್ಕೊಮ್ಮೆ ಅದನ್ನು ಬರೆದಿಡುವ ಪುಟ್ಟ ಸ್ಕ್ರಿಪ್ಟ್ ಓಡಿಸಿ, ಆ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದಿರಿ ಅನ್ನೋದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಎಷ್ಟು ಏರಿತು ಅನ್ನೋದಕ್ಕಿಂತ ಯಾವಾಗ ಏರಿತು ಅನ್ನೋದೇ ಮುಖ್ಯ.

ನಂದಿನಿ_ಎಂ

ಎರಡು ದಿನ ಬರೆದಿಟ್ಟೆ ಸರ್. ರಾತ್ರಿ ಇಡೀ ಗೆರೆ ಎಳೆದ ಹಾಗೆ ಒಂದೇ ಅಂಕಿ. ಕೆಲಸ ಮಾಡುತ್ತಾ ಕೂತಿದ್ದಾಗಲೂ ಅಷ್ಟೇನೂ ಏರಿಲ್ಲ. ಏರಿದ್ದು ಮೆಟ್ಟಿಲು ಮೆಟ್ಟಿಲಾಗಿ, ಊಟಕ್ಕೆ ಎದ್ದಾಗ, ಫೋನ್ ಬಂದಾಗ, ಅಂದರೆ ಸ್ಕ್ರೀನ್ ಲಾಕ್ ಆಗಿ ವಾಪಸ್ ತೆರೆದಾಗ. ಸುಮ್ನೆ ಕೂತು ಹತ್ತು ಸಲ ಲಾಕ್ ಮಾಡಿ ತೆರೆದು ನೋಡಿದೆ, 80 ಎಂಬಿ ಏರಿತು. ಸಲಕ್ಕೆ 8!

ಬೀಟ್‌ರೂಟ್

ಅರ್ಧ ಉತ್ತರ ನಿಮ್ಮ ಕೈಯಲ್ಲೇ ಇದೆ. ಸ್ಕ್ರೀನ್ ಲಾಕ್ ಆದಾಗ ಶೆಲ್ ಎಕ್ಸ್‌ಟೆನ್ಶನ್‌ಗಳನ್ನು ಡಿಸೇಬಲ್ ಮಾಡುತ್ತದೆ, ತೆರೆದಾಗ ಮತ್ತೆ ಎನೇಬಲ್. ಯಾವುದೋ ಒಂದು ಹೋಗುವಾಗ ತನ್ನ ಸಾಮಾನು ಬಿಟ್ಟು ಹೋಗುತ್ತಿದೆ. ಈ 8 ಎಂಬಿ ನೋಡಿ ನನಗೆ ಹೊಳೆದಿದ್ದು ಚಿತ್ರ. 1920 ಗುಣಿಸು 1080, ಪಿಕ್ಸೆಲ್‌ಗೆ 4 ಬೈಟ್, ಒಟ್ಟು ಸುಮಾರು 83 ಲಕ್ಷ ಬೈಟ್. ಫುಲ್ ಎಚ್‌ಡಿ ಪರದೆಯ ಒಂದು ಚಿತ್ರ ಸರಿಯಾಗಿ ಅಷ್ಟೇ ಆಗುತ್ತದೆ. ನಿಮ್ಮ ಐದರಲ್ಲಿ ವಾಲ್‌ಪೇಪರ್ ಮುಟ್ಟುವುದು ಯಾವುದು?

ಅದಕ್ಕೂ ಮೊದಲು ಇನ್ನೊಂದು ಪರೀಕ್ಷೆ. ಆಲ್ಟ್ ಎಫ್2 ಒತ್ತಿ ಎಲ್‌ಜಿ ಅಂತ ಹೊಡೆದರೆ ಶೆಲ್‌ನ ಒಳಗನ್ನು ನೋಡುವ ಲುಕಿಂಗ್ ಗ್ಲಾಸ್ ತೆರೆಯುತ್ತದೆ, ಅದರಲ್ಲಿ ಕಸದ ಬುಟ್ಟಿ ಐಕಾನ್ ಒತ್ತಿ, ಕಸ ತಕ್ಷಣ ಗುಡಿಸುತ್ತದೆ. ಮೆಮೊರಿ ಇಳಿದರೆ ಗುಡಿಸೋದು ತಡವಾಗಿತ್ತು ಅಷ್ಟೇ. ಇಳಿಯದಿದ್ದರೆ ಯಾರೋ ಇನ್ನೂ ಹಿಡಿದುಕೊಂಡಿದ್ದಾರೆ, ಇಲ್ಲಾ ಸಿ ಕಡೆ ಬಿಡೋದು ಮರೆತಿದ್ದಾರೆ. ಸಿ ಕಡೆಯದಾದರೆ ಮೆಮೊರಿ ಯಾರು ಪಡೆದರು ಅಂತ ದಾಖಲಿಸುವ ಹೀಪ್‌ಟ್ರ್ಯಾಕ್ ಹಿಡಿಯಬೇಕು, ಅದು ಸ್ವಲ್ಪ ದೊಡ್ಡ ಕೆಲಸ.

ನಂದಿನಿ_ಎಂ

ಬುಟ್ಟಿ ಒತ್ತಿದೆ, ಇಳಿಯಲಿಲ್ಲ. ಮೇಲಿನ ಪಟ್ಟಿಯ ಹಿಂದೆ ವಾಲ್‌ಪೇಪರನ್ನು ಮಸುಕಾಗಿ ತೋರಿಸುವ ಎಕ್ಸ್‌ಟೆನ್ಶನ್ ಒಂದಿತ್ತು. ಅದೊಂದನ್ನೇ ತೆಗೆದು, ಲಾಗ್‌ಔಟ್ ಆಗಿ ಬಂದು, ಹತ್ತು ಸಲ ಲಾಕ್ ಮಾಡಿದೆ. 2 ಎಂಬಿ ಕೂಡ ಏರಲಿಲ್ಲ. ನನಗೆ ಜಾವಾಸ್ಕ್ರಿಪ್ಟ್ ಅಷ್ಟು ಬರಲ್ಲ, ಅದರ ಮುಖ್ಯ ಫೈಲನ್ನು ಬೀಟ್‌ರೂಟ್ ಅವರಿಗೆ ಕಳಿಸಿದ್ದೇನೆ.

ಬೀಟ್‌ರೂಟ್

ನೋಡಿದೆ. ಪ್ರತಿ ಎನೇಬಲ್‌ಗೂ ಹೊಸ ಆಬ್ಜೆಕ್ಟ್ ಮಾಡಿ, ಅದರಲ್ಲಿ ಇಡೀ ಚಿತ್ರ ಇಟ್ಟುಕೊಂಡು, ಮಾನಿಟರ್ ಬದಲಾದರೆ ತಿಳಿಸು ಅಂತ ಪರದೆಯ ಜೋಡಣೆ ನೋಡಿಕೊಳ್ಳುವ ಶೆಲ್‌ನ ಲೇಔಟ್ ಮ್ಯಾನೇಜರಿಗೆ ಸಿಗ್ನಲ್ (ಸೂಚನೆ ಬಂದಾಗ ಓಡಬೇಕಾದ ಫಂಕ್ಷನ್) ಕಟ್ಟಿದ್ದಾರೆ. ಡಿಸೇಬಲ್‌ನಲ್ಲಿ ಅದನ್ನು ಬಿಚ್ಚೇ ಇಲ್ಲ. ಲೇಔಟ್ ಮ್ಯಾನೇಜರ್ ಲಾಗ್‌ಔಟ್ ಆಗುವ ತನಕ ಬದುಕಿರುತ್ತದೆ, ಅದು ಆ ಫಂಕ್ಷನನ್ನು ಹಿಡಿದಿದೆ, ಫಂಕ್ಷನ್ ಆಬ್ಜೆಕ್ಟನ್ನು ಹಿಡಿದಿದೆ, ಆಬ್ಜೆಕ್ಟ್ ಚಿತ್ರವನ್ನು. ಹೀಗಿದ್ದಾಗ ಗುಡಿಸುವವರಿಗೆ ಅದು ಕಸ ಅಂತಲೇ ಕಾಣಲ್ಲ. ಕನೆಕ್ಟ್ ಮಾಡಿದಾಗ ಬರುವ ನಂಬರ್ ಇಟ್ಟುಕೊಂಡು ಡಿಸೇಬಲ್‌ನಲ್ಲಿ ಡಿಸ್ಕನೆಕ್ಟ್ ಮಾಡುವ ಎರಡು ಸಾಲು ಸೇರಿಸಿ ನಿಮಗೆ ಕಳಿಸಿದ್ದೇನೆ. ಹಾಕಿ ನೋಡಿ.

ನಂದಿನಿ_ಎಂ

ಸೋಮವಾರದಿಂದ ಗುರುವಾರದವರೆಗೆ ಓಡಿಸಿದೆ, ಈಗ 340 ಎಂಬಿ ಇದೆ. ನನ್ನ ಎರಡು ದಿನದ ಅಂಕಿಗಳನ್ನೂ ನಿಮ್ಮ ಎರಡು ಸಾಲನ್ನೂ ಸೇರಿಸಿ ಆ ಎಕ್ಸ್‌ಟೆನ್ಶನ್ ಬರೆದವರಿಗೆ ವರದಿ ಕಳಿಸಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.