ಮುತ್ಯಾನ ಕಾಲದ ಎರಡು ನಳಿ ಬಂದೂಕಿಗಿ ಪಾಲಿಶ್ ಮಾಡೋದು ಹ್ಯಾಂಗ್ರಿ?

ಕೃಷ್ಣಾ_ದಂಡಿ
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಸುರಪುರ ತಾಲೂಕ. ಮನ್ಯಾಗ ಮುತ್ಯಾನ ಕಾಲದ್ದೊಂದು ಬಂದೂಕ ಅದ, ಬಾಯಿಂದ ಮದ್ದು ಜಡಿದು ಟೋಪಿ (ಬಡದ್ರ ಕಿಡಿ ಹಾರೋ ಸಣ್ಣ ಮುಚ್ಚಳ) ಹಚ್ಚಿ ಹೊಡಿಯೋದು, ಎರಡು ನಳಿ. ಲೈಸನ್ಸ್ ಅಪ್ಪನ ಹೆಸರಿಗಿ ಅದ, ಎಲೆಕ್ಷನ್ ಬಂದಾಗ ಸ್ಟೇಷನ್ನಾಗ ಜಮಾ ಮಾಡ್ತೀವಿ, ಉಳದಂಗ ಯಾರೂ ಮುಟ್ಟಂಗಿಲ್ಲ. ಕಟಗಿ ಪೂರಾ ಕರ್ರಗಾಗಿ ಜಿಡ್ಡು ಹಿಡದದ, ಬಟ್ ಮ್ಯಾಲ ತಗ್ಗು ಬಿದ್ದಾವ, ನಳಿಗಿ ಅಲ್ಲಲ್ಲಿ ಜಂಗ. ಖಂಡೇ ಪೂಜಾಕ್ಕ ಛಂದ ಕಾಣಂಗ ಮಾಡ್ಬೇಕಂತ ಆಸೆ. ಊರಾಗಿನ ವೆಲ್ಡಿಂಗ್ ಶಾಪಿನವ ಬಫ್ ಹೊಡದು ಹೊಳಿಸಿ ಕೊಡ್ತೀನಿ, ಕಟಗಿಗಿ ಮೆಲಮೈನ್ ಪಾಲಿಶ್ ಹೊಡಿರಿ ಅಂತಾನ. ಕೊಡ್ಲೋ ಬ್ಯಾಡೋ? ನಳಿಗಿ ಹೊಸದಾಗಿ ಕರಿ ಬಣ್ಣ ಬರಸಬಹುದಾ?

ಗಂಜ್_ಕಲಬುರಗಿ
ಪಾಲಿಶ್ ಆಮ್ಯಾಲ, ಮೊದಲ ಒಳಗ ಮದ್ದು ಅದನೋ ಇಲ್ಲೋ ನೋಡ್ರಿ. ಹಳೇ ಟೋಪಿ ಬಂದೂಕ ತುಂಬಿಟ್ಟು ಗೂಟಕ್ಕ ಹಾಕಿ ಮರತುಬಿಟ್ಟದ್ದು ಭಾಳ ಕಡೆ ಅದ, ಕರಿ ಮದ್ದು ಒಣಗಿದ್ದಿತ್ತಂದ್ರ ಎಷ್ಟು ವರ್ಷ ಆದ್ರೂ ಹತ್ತತದ. ಎರಡೂ ಘೋಡಾ (ಟೋಪಿಗಿ ಬಡಿಯೋ ಸುತ್ತಿಗಿ) ಕೆಳಗಿರ್ಲಿ, ನಿಪ್ಪಲ್ (ಟೋಪಿ ಕೂಡಿಸೋ ತೂತಿನ ಮೊನಿ) ಮ್ಯಾಲ ಟೋಪಿ ಇರಬಾರದು, ಬಾಯಿ ಮುಂದ ಯಾರೂ ನಿಲ್ಲಬಾರದು. ಒಂದು ತೆಳ್ಳನ ಕಟಗಿ ಕೋಲು ನಳಿಯಾಗ ಮೆಲ್ಲಕ ತಳಾ ಮುಟ್ಟೋತನಕ ಬಿಟ್ಟು ಬಾಯಿ ಹತ್ರ ಗುರ್ತು ಹಾಕ್ರಿ, ತಗದು ಅದೇ ಗುರ್ತು ಬಾಯಿಗಿ ಕೂಡಿಸಿ ನಳಿ ಮಗ್ಗಲಾಗ ಹಿಡದು ನೋಡ್ರಿ. ಕೋಲಿನ ತುದಿ ನಿಪ್ಪಲ್ ಇರೋ ಜಾಗಾಕ್ಕ ಬಂತು, ಖಾಲಿ ಅದ. ಎರಡು ಮೂರು ಇಂಚು ಮೊದಲೇ ನಿಂತ್ರ ಏನೋ ಕುಂತದ, ಆಗ ನೀವು ಕೈ ಹಚ್ಚಬ್ಯಾಡ್ರಿ. ಎರಡೂ ನಳಿ ಬ್ಯಾರೆ ಬ್ಯಾರೆ ನೋಡ್ಬೇಕು ಮತ್ತ.

ವೆಲ್ಡಿಂಗ್ ಶಾಪಿನವನಿಗಂತೂ ಕೊಡ್ಲೇಬ್ಯಾಡ್ರಿ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಬಂದೂಕ ಇಟ್ಕೊಳ್ಳೋರಿಗಷ್ಟೇ ಅಲ್ಲ, ರಿಪೇರಿ ಧಂಧಾ ಮಾಡೋರಿಗೂ ಲೈಸನ್ಸ್ ಬೇಕು. ಅವಂಗೂ ಕೇಸು, ನಿಮಗೂ ತಲಿನೋವು.

ಬಡಿಗತನ_ಆಳಂದ
ಕಟಗಿ ಬಗ್ಗೆ ನಾ ಹೇಳ್ತೀನಿ. ಮೆಲಮೈನ್ ಬ್ಯಾಡ, ಪ್ಲಾಸ್ಟಿಕ್ ಹೊದಿಸಿದಂಗ ಕಾಣ್ತದ, ನಾಳಿ ಎಲ್ಲರ ಚಕ್ಕಳಾ ಎದ್ರ ಪೂರಾ ಕೆರದೇ ತಗೀಬೇಕು. ಉಸುಕಿನ ಕಾಗದಾನೂ ಹಚ್ಚಬ್ಯಾಡ್ರಿ, ಅದರಾಗ ಘೋಡಾದ ಪಟ್ಟಿ ಕುಂತ ಸುತ್ತಮುತ್ತ ಒಂದು ನೂಲು ಕಟಗಿ ಸವದ್ರೂ ಕಬ್ಬಿಣ ಮ್ಯಾಲೆದ್ದು ನಿಲ್ತದ, ಅದಕ್ಕ ಔಷಧನೇ ಇಲ್ಲ.

ಹತ್ತಿ ಅರಬಿ ಟರ್ಪೆಂಟೈನ್ದಾಗ ಜರಾ ತೋಯಿಸಿ ಜಿಡ್ಡು ಒರಸ್ರಿ, ಅರಬಿ ಕರ್ರಗಾದಂಗ ಬದಲಿ ಮಾಡ್ಕೋತ ಹೋಗ್ರಿ. ಹಿಡಿಯೋ ಕಡೆ ಗೀರಿನ ಕೆತ್ತನಿ ಇದ್ರ ಹಳೇ ಹಲ್ಲಿನ ಬ್ರಷ್ ಸಾಕು. ತಗ್ಗಿಗಿ ಒದ್ದಿ ಅರಬಿ ಹಾಕಿ ಮ್ಯಾಲ ಬಿಸಿ ಇಸ್ತ್ರಿ ತುದಿ ಒಂದೊಂದು ಕ್ಷಣ ಮುಟ್ಟಿಸ್ರಿ, ಉಗಿ ಒಳಗ ಹೋಗಿ ಒತ್ತಿದ ನಾರು ಉಬ್ಬಿ ಎದ್ದು ಬರ್ತದ. ಕಟಗಿ ಕಡದು ಹೋಗಿದ್ರ ಮಾತ್ರ ಏಳಂಗಿಲ್ಲ, ಇರ್ಲಿ ಬಿಡ್ರಿ.

ಪೂರಾ ಒಣಗಿದ ಮ್ಯಾಲ ಅಗಸಿ ಎಣ್ಣಿ. ಗಾಣದ ಹಸಿ ಎಣ್ಣಿ ಒಣಗಲಾಕ ಭಾಳ ದಿನ ತಗೋತದ, ಪೇಂಟ್ ಅಂಗಡ್ಯಾಗ ಬಾಯ್ಲ್ಡ್ ಲಿನ್ಸೀಡ್ ಅಂತ ಕೇಳ್ರಿ. ನಾಕು ಹನಿ ಅಂಗೈಗಿ ಹಾಕ್ಕೊಂಡು ಕಟಗಿ ಬೆಚ್ಚಗ ಆಗೋಹಂಗ ತಿಕ್ಕಿ, ಉಳದದ್ದು ಒರಸಿ ಬಿಟ್ಟು, ಒಣಗಿದ ಮ್ಯಾಲ ಇನ್ನೊಮ್ಮೆ. ದಪ್ಪ ಹಚ್ಚಿದ್ರಿ ಅಂದ್ರ ಅಂಟಂಟಾಗಿ ಧೂಳು ಹಿಡೀತದ. ಎಣ್ಣಿ ಒರಸಿದ ಅರಬಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ ಮತ್ತ, ಅಗಸಿ ಎಣ್ಣಿ ಒಣಗುವಾಗ ಕಾವು ಬಿಡ್ತದ, ತಂತಾನೇ ಬೆಂಕಿ ಹತ್ತತದ. ಹರವಿ ಒಣಗಿಸ್ರಿ, ಇಲ್ಲ ನೀರಾಗ ಹಾಕ್ರಿ.

ಬೀದರ್_ಚೌಬಾರಾ
ಅಣ್ಣಾ ನಮ್ಮ ಬಿದ್ರಿ ಸಾಮಾನಿಗಿ ಕ್ವಾಟಿ ಮಣ್ಣು, ನವಸಾಗರ ಉಪ್ಪು ಹಾಕಿ ಕುದಿಸಿ ತಿಕ್ಕಿದ್ರ ಎಷ್ಟು ಛಲೋ ಕರಿ ಬರ್ತದ, ನಳಿಗೂ ಅದನ್ನೇ ಮಾಡಿದ್ರ ಹ್ಯಾಂಗ? ಎಂದೂ ಹೋಗಂಗಿಲ್ಲ ಆ ಬಣ್ಣ

ಕಬ್ಬಿಣದ_ಕಡಲಿ
ಬೀದರ್ ಅಣ್ಣಾ, ಆ ಕರಿ ಬರೋದು ಜಸ್ತಕ್ಕ. ಬಿದ್ರಿ ಅಂದ್ರ ಭಾಳಷ್ಟು ಜಸ್ತ, ಜರಾ ತಾಮ್ರ, ಅದಕ್ಕೇ ಮಣ್ಣು ಹಚ್ಚಿದ್ರ ಜಸ್ತ ಕರ್ರಗಾಗಿ ಬೆಳ್ಳಿ ಬೆಳ್ಳಗೇ ಉಳೀತದ. ಕಬ್ಬಿಣಕ್ಕ ನವಸಾಗರ ಬಿದ್ರ ಬರೋದು ಜಂಗ. ಕರಿ ಆಸೆಗಿ ಹೋಗಿ ಕೆಂಪು ಮಾಡ್ಕೊಂಡಂಗ ಆಗ್ತದ.

ಸುರಪುರದ ಅಣ್ಣಾ, ಬಫ್ ಯಾಕ ಬ್ಯಾಡ ಅಂದ್ರ ನಳಿ ಕೆಳಗ ಸಣ್ಣ ಸಣ್ಣ ಮುದ್ರಿ ಇರ್ತಾವ, ಬಫ್ ಹೊಡದ್ರ ಅವು ಮೊದಲ ಹೋಗ್ತಾವ. 1813ರಾಗ ಸುರುವಾದ ಬರ್ಮಿಂಗ್ಹ್ಯಾಮ್ ಪ್ರೂಫ್ ಹೌಸಿನ (ನಳಿ ಗಟ್ಟಿ ಅದನೋ ಇಲ್ಲೋ ಪರೀಕ್ಷಾ ಮಾಡೋ ಜಾಗಾ) ಕಿರೀಟದ ಮುದ್ರಿ ಇರಬಹುದು, ಬೆಲ್ಜಿಯಂನ ಲಿಯೇಜಿಂದಿದ್ರ ಅಂಡಾಕಾರದಾಗ ಇ ಎಲ್ ಜಿ ಅಂತ ಇರ್ತದ. ಬಂದೂಕ ಎಲ್ಲಿ ಪರೀಕ್ಷಾ ಆಗ್ಯದ ಅಂತ ಹೇಳೋದು ಅವೇ. ಇನ್ನ ನಳಿ ಡಮಾಸ್ಕಸ್ ಇರ್ಲಿಕ್ಕೂ ಸಾಕು, ಕಬ್ಬಿಣ ಉಕ್ಕಿನ ಪಟ್ಟಿ ಹೊಸೆದು ಸುತ್ತಿ ಕಾಸಿ ಬಡದು ಮಾಡಿದ್ದು, ನೋಡಿದ್ರ ಸುರುಳಿ ಸುರುಳಿ ಗೆರಿ ಕಾಣ್ತಾವ. ಆ ಗೆರಿಗೇ ಛಂದ.

ಹೊಸ ಬಂದೂಕಿಗಿ ಮಾಡೋ ಬಿಸಿ ಬ್ಲೂಯಿಂಗ್ (ಕುದಿಸಿ ಕರಿ ಬಣ್ಣ ಬರಸೋದು) ಎರಡು ನಳಿಯದ್ದಕ್ಕ ಯಾರು ಹೇಳಿದ್ರೂ ಮಾಡಸಬ್ಯಾಡ್ರಿ. ಅದು ಕಾಸ್ಟಿಕ್ ಸೋಡಾ ಉಪ್ಪಿನ ನೀರು, 140 ಡಿಗ್ರಿ ಆಜೂಬಾಜು ಕುದೀತಿರ್ತದ, ಎರಡು ನಳಿ ನಡುವಿನ ಪಟ್ಟಿ ಹಿಡಿದಿರೋ ಬೆಸುಗಿ ತಿಂದುಬಿಡ್ತದ. ಹಳೇ ಪದ್ಧತಿ ಅಂದ್ರ ಎಣ್ಣಿ ಪೂರಾ ತಗದು, ತೆಳ್ಳಗ ಬ್ರೌನಿಂಗ್ ದ್ರಾವಣ (ಬೇಕಂತಲೇ ಜಂಗ ಬರಸೋ ಔಷಧ) ಹಚ್ಚಿ, ಸಣ್ಣ ಜಂಗ ಬರೋಕ ಬಿಟ್ಟು, ಮೆತ್ತನ ಬ್ರಷ್ಷಿಲೆ ತಗದು, ಮತ್ತ ಹಚ್ಚೋದು, ಬಣ್ಣ ಕೂಡೋತನಕ ಹಿಂಗ. ಹಂಗೇ ಬಿಟ್ರ ಕಂದು ಬಣ್ಣ, ನಡುನಡುವ ಬರೇ ನೀರಾಗ ಕುದಿಸಿದ್ರ ಕೆಂಪು ಜಂಗ ಕರಿ ಆಗ್ತದ. ನಮ್ಮ ಕಡಿ ಬ್ಯಾಸಿಗ್ಯಾಗ ಗಾಳಿ ಒಣಾ, ಜಂಗನೇ ಏಳಂಗಿಲ್ಲ, ಪೆಟ್ಟಿಗ್ಯಾಗ ಒದ್ದಿ ಅರಬಿ ಇಟ್ಟು ಮಾಡ್ಬೇಕು, ಇಲ್ಲ ಶ್ರಾವಣ ಬರ್ಲಿ.

ಆದ್ರ ನನ್ನ ಕೇಳಿದ್ರ ಅದೂ ಬ್ಯಾಡ. ಕೆಂಪು ಜಂಗ ಇದ್ದಲ್ಲಿ ಎಣ್ಣಿ ಹಚ್ಚಿ ಒಂದು ರಾತ್ರಿ ಬಿಟ್ಟು, 0000 ನಂಬರಿನ (ಭಾಳ ಸಣ್ಣ ಎಳಿದು) ಸ್ಟೀಲ್ ವುಲ್ಲಿಲೆ ಹಗೂರಕ ತಿಕ್ಕಿ ಒರಸ್ರಿ. ಕಂದು ಬಣ್ಣ ಹಂಗೇ ಇರ್ಲಿ, ಅದು ಹೊಲ್ಸಲ್ಲ.

ಕೃಷ್ಣಾ_ದಂಡಿ
ಎಲ್ಲಾರಿಗೂ ಧನ್ಯವಾದ್ರಿ. ಕೋಲು ಹಾಕಿ ನೋಡ್ದೆ, ಎಡಗಡಿ ನಳಿ ತಳಾತನಕ ಹೋಗ್ತದ, ಬಲಗಡಿದು ಎರಡೂವರಿ ಇಂಚು ಮೊದಲೇ ನಿಂತದ. ಜಂಗ ಕಟ್ಟಿರಬಹುದಾ? ನೀರು ಹಾಕಿ ತೊಳದು ಸಲಾಕಿಲೆ ಬಡದ್ರ ನಡೀತದಾ?

ಗಂಜ್_ಕಲಬುರಗಿ
ಬಡೀಬ್ಯಾಡ್ರಿ!! ಎರಡೂವರಿ ಇಂಚು ಜಂಗ ಎಲ್ಲೂ ಕಟ್ಟಂಗಿಲ್ಲ, ಅದು ತುಂಬಿದ್ದೇ ಅಂತ ತಿಳ್ಕೋರಿ. ಇಸ್ತ್ರಿ, ಬಿಸಿನೀರು, ಎಲ್ಲಾ ನಿಲ್ಲಿಸ್ರಿ, ಮಕ್ಕಳ ಕೈಗಿ ಸಿಗದಂಗ ಇಟ್ಟು ಬಾಗಲ ಕೀಲಿ ಹಾಕ್ರಿ. ಬಸ್ಸಿನಾಗ ಹಾಕ್ಕೊಂಡು ಹೊಂಟೀರಿ ಮತ್ತ, ಅದೂ ಬ್ಯಾಡ. ಮೊದಲ ಸ್ಟೇಷನ್ನಿಗಿ ಫೋನ್ ಮಾಡಿ ಒಳಗ ಮದ್ದು ಇದ್ದಂಗದ ಅಂತ ಹೇಳ್ರಿ, ಅವರು ಹೇಳಿದಂಗ ಲೈಸನ್ಸ್ ಇರೋ ಗನ್ ರಿಪೇರಿಯವರ ಕಡಿಂದ ತಗಸ್ರಿ. ಅವರು ಖಾಲಿ ಮಾಡಿ ಕೊಟ್ಟ ಮ್ಯಾಲ ಅಗಸಿ ಎಣ್ಣಿ ಹಚ್ಚೀರಂತ.